ಬಳ್ಳಾರಿಯಲ್ಲಿ ಬಾಡಿಗೆ ಮನೆ: ಮೊದಲು ರಸ್ತೆ, ಆಮೇಲೆ ಸಂಪು, ಕೊನೆಗೆ ಕೋಣೆ

ಬಳ್ಳಾರಿಗೆ ಹೊಸದಾಗಿ ಕೆಲಸಕ್ಕೆ ಬಂದವರು ಮೊದಲು ಕೇಳುವ ಮಾತು, "ಯಾವ ಏರಿಯಾ ಚಲೋ ಐತ್ರೀ?" ಊರಲ್ಲಿ ಇದ್ದು ಬಲ್ಲವರು ಅದಕ್ಕೆ ಉತ್ತರ ಕೊಡುವ ಮೊದಲು ತಿರುಗಿ ಕೇಳುತ್ತಾರೆ: "ನಿಮ್ಮ ಡ್ಯೂಟಿ ಎಲ್ಲಿ?" ತೋರಣಗಲ್ಲಿನ ಕಾರ್ಖಾನೆಗೆ ಹೋಗುವ ಎಂಜಿನಿಯರ್, ಮೆಡಿಕಲ್ ಕಾಲೇಜಿನ ಹೌಸ್ ಸರ್ಜನ್, ಪೇಟೆಯ ಬ್ಯಾಂಕಿಗೆ ಬಂದ ಹೊಸ ಆಫೀಸರ್, ಈ ಮೂವರಿಗೂ ಒಂದೇ ಬಡಾವಣೆ ಒಗ್ಗುವುದಿಲ್ಲ. ಊರು ಅಷ್ಟೇನೂ ದೊಡ್ಡದಲ್ಲ, ಬೈಕಿದ್ದರೆ ಎಲ್ಲಿಂದ ಎಲ್ಲಿಗಾದರೂ ಹೋಗಬಹುದು ಅನ್ನಿಸುತ್ತದೆ. ಏಪ್ರಿಲ್ ಮಧ್ಯಾಹ್ನದಲ್ಲಿ, ಗೇಟು ಬಿದ್ದ ಹಳಿಯ ಮುಂದೆ ನಿಂತಾಗ ಹಾಗನ್ನಿಸುವುದಿಲ್ಲ.

ಮೊದಲು ರಸ್ತೆ ಗೊತ್ತು ಮಾಡಿಕೊಳ್ಳಬೇಕು. ಊರಿಂದ ಹೊರಡುವ ರಸ್ತೆಗಳಲ್ಲಿ ಹೊಸಪೇಟೆ ರಸ್ತೆ ಕಂಟೋನ್ಮೆಂಟ್ ಮೇಲೆ ಹಾದು ಅಲ್ಲೀಪುರ, ಕುಡಿತಿನಿ, ತೋರಣಗಲ್ಲಿಗೆ ಹೋಗುತ್ತದೆ. ಕುಡಿತಿನಿಯಲ್ಲಿ ಉಷ್ಣ ವಿದ್ಯುತ್ ಸ್ಥಾವರ, ಸುಮಾರು 30 ಕಿ.ಮೀ. ದೂರದ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆ. ಬೆಳಗಿನ ಆರರ ಶಿಫ್ಟಿನವರು ಐದರ ಆಸುಪಾಸಿಗೇ ಕಂಪನಿ ಬಸ್ಸು ಹತ್ತಿರಬೇಕು. ಹಾಗಾಗಿ ಇವರು ಮನೆಗಿಂತ ಮೊದಲು ಬಸ್ಸು ನಿಲ್ಲುವ ಜಾಗಗಳ ಪಟ್ಟಿಯನ್ನು ಕಂಪನಿಯವರಿಂದ ತರಿಸಿಕೊಳ್ಳಬೇಕು. ಆ ನಿಲುಗಡೆಗೆ ನಡೆದು ಹತ್ತು ನಿಮಿಷದೊಳಗೆ ಸಿಗುವ ಮನೆಗಳನ್ನಷ್ಟೇ ನೋಡಿದರೆ ಸಾಕು. ಬೈಕಿನಲ್ಲಿ ಹೋಗಿ ನಿಲುಗಡೆಯಲ್ಲಿ ಬಿಟ್ಟು ಬಸ್ಸು ಹತ್ತುತ್ತೇನೆ ಅನ್ನುವವರು ಆ ಬೈಕು ಎಂಟು ಗಂಟೆ ಯಾವ ಅಂಗಡಿಯ ಮುಂದೆ, ಯಾವ ಬಿಸಿಲಿನಲ್ಲಿ ನಿಂತಿರುತ್ತದೆ ಎಂದೂ ನೋಡಿಕೊಳ್ಳಬೇಕು. ರಾತ್ರಿ ಹತ್ತಕ್ಕೆ ಬಿಡುವ ಶಿಫ್ಟು ಇದ್ದರೆ ಊರು ಮುಟ್ಟುವಾಗ ಹನ್ನೊಂದು ದಾಟಿರುತ್ತದೆ. ಆ ಹೊತ್ತಿಗೆ ಶೇರ್ ಆಟೋ ಇರುವುದಿಲ್ಲ, ಒಂಟಿ ಆಟೋದವರು ಹೇಳಿದ್ದೇ ರೇಟು.

ಎರಡನೆಯದು ರೈಲು ಹಳಿ. ಗುಂತಕಲ್ಲು–ಹೊಸಪೇಟೆ ಮಾರ್ಗ ಊರಿನ ನಡುವೆಯೇ ಹಾಯುತ್ತದೆ. ಅದಿರು, ಕಲ್ಲಿದ್ದಲು ಹೊತ್ತ ಗೂಡ್ಸುಗಳಿಗೆ ಹಗಲು ರಾತ್ರಿ ಎಂಬುದಿಲ್ಲ. ಐವತ್ತೆಂಟೋ ಐವತ್ತೊಂಬತ್ತೋ ವ್ಯಾಗನ್ನಿನ ಗಾಡಿ ದಾಟುವುದು ಒಂದೆರಡು ನಿಮಿಷವಾದರೂ ಗೇಟು ಅದಕ್ಕೆ ಬಹಳ ಮೊದಲೇ ಬೀಳುತ್ತದೆ. ಎದುರು ಗಾಡಿಯೂ ಬಂತೆಂದರೆ ಎತ್ತುವುದೇ ಇಲ್ಲ. ಕೌಲ್ ಬಜಾರ್ ಕಡೆ "ಮೊದಲನೇ ಗೇಟು", "ಎರಡನೇ ಗೇಟು" ಅಂತಲೇ ವಿಳಾಸ ಹೇಳುತ್ತಾರೆ. ಗೇಟಿನ ಸುತ್ತಲೇ ಬದುಕು ಎಂದು ಅದರಲ್ಲೇ ಅರ್ಥ ಮಾಡಿಕೊಳ್ಳಬಹುದು. ಗೇಟು ತಪ್ಪಿಸಲು ಕೆಳಸೇತುವೆ ಹಿಡಿದರೆ ಮಳೆ ಬಂದ ದಿನ ಅದರಲ್ಲಿ ನೀರು ನಿಲ್ಲುತ್ತದೆ. ಆದ್ದರಿಂದ ಮನೆಗೂ ಕೆಲಸಕ್ಕೂ ನಡುವೆ ಹಳಿ ಬರುತ್ತದೆಯೇ, ಬಂದರೆ ಎಲ್ಲಿ ದಾಟಬೇಕು, ಅದು ಗೇಟೋ ಮೇಲ್ಸೇತುವೆಯೋ ಕೆಳಸೇತುವೆಯೋ ಎಂದು ಮೊದಲೇ ನೋಡಿ, ಡ್ಯೂಟಿಗೆ ಹೋಗುವ ಹೊತ್ತಿನಲ್ಲೇ ಆ ದಾರಿ ಹಿಡಿದು ನೋಡಬೇಕು. ಭಾನುವಾರ ಮನೆ ನೋಡಿ "ಆಫೀಸು ಹತ್ತೇ ನಿಮಿಷ" ಅಂದುಕೊಳ್ಳುವುದರಲ್ಲಿ ಅರ್ಥವಿಲ್ಲ.

ಇಷ್ಟಾದ ಮೇಲೆ ಬಡಾವಣೆಗಳ ಮಾತು. ಕಂಟೋನ್ಮೆಂಟ್‌ನಲ್ಲಿ ಮೆಡಿಕಲ್ ಕಾಲೇಜು (ಹೆಸರು ಬದಲಾದರೂ ಆಟೋದವರಿಗೆ ಅದು ಇವತ್ತಿಗೂ ವಿಮ್ಸೇ), ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ, ಎಂಜಿನಿಯರಿಂಗ್ ಕಾಲೇಜು ಎಲ್ಲ ಇರುವುದರಿಂದ ಒಂಟಿ ಹುಡುಗ ಹುಡುಗಿಯರಿಗೆ ಮನೆ ಕೊಟ್ಟು ರೂಢಿಯಿರುವ ಮಾಲೀಕರು ಹೆಚ್ಚು. ಪಿ.ಜಿ., ಮೆಸ್ಸು, ಜೆರಾಕ್ಸ್ ಅಂಗಡಿ, ರಾತ್ರಿ ತೆರೆದಿರುವ ಮೆಡಿಕಲ್ ಸ್ಟೋರು ಎಲ್ಲ ಕಾಲ್ನಡಿಗೆಯಲ್ಲಿ ಸಿಗುತ್ತವೆ. ಹೊಸಪೇಟೆ ರಸ್ತೆಯ ಕಡೆ ಕೆಲಸಕ್ಕೆ ಹೋಗುವವರಿಗೆ ಇದಕ್ಕಿಂತ ಬೇರೆ ಹುಡುಕುವುದು ವ್ಯರ್ಥ. ಗಾಂಧಿನಗರ, ಪಾರ್ವತಿ ನಗರ, ಸತ್ಯನಾರಾಯಣಪೇಟೆ, ನೆಹರೂ ಕಾಲೊನಿಗಳಲ್ಲಿ ಹಳೆಯ ನೌಕರ ಮನೆತನಗಳಿವೆ, ಆಸ್ಪತ್ರೆ, ಬ್ಯಾಂಕು, ತರಕಾರಿ ಎಲ್ಲ ಹತ್ತಿರ. ಬಾಡಿಗೆ ಜಾಸ್ತಿ, ಮಾಲೀಕರು ಕೆಳಗಿದ್ದು ಮೇಲಿನ ಪೋರ್ಷನ್ ಕೊಡುವುದೇ ಹೆಚ್ಚಾದ್ದರಿಂದ ವಿಚಾರಣೆಯೂ ಜಾಸ್ತಿ. ಬ್ರೂಸ್‌ಪೇಟೆ, ಬೆಂಗಳೂರು ರಸ್ತೆ, ತೇರುಬೀದಿ ಅಂದರೆ ಅಂಗಡಿ ಸಾಲಿನ ಹಿಂದಿನ ಹಳೇ ಮನೆಗಳು: ದಪ್ಪ ಗೋಡೆ, ಕಡಪ ಬಂಡೆಯ ನೆಲ, ಬೇಸಿಗೆಯಲ್ಲೂ ಸಹಿಸಬಹುದಾದ ತಂಪು, ಆದರೆ ಬೈಕು ನಿಲ್ಲಿಸಲು ಜಾಗವಿಲ್ಲ. ಇದ್ದುದರಲ್ಲಿ ನಮ್ಮ ಮನಸ್ಸು ಇಂಥ ಮನೆಗಳ ಕಡೆಗೇ. ಹೊಸಬರು ಬಚ್ಚಲು ನೋಡಿ ವಾಪಸು ಹೋಗುತ್ತಾರೆ.

ಕೌಲ್ ಬಜಾರ್, ಬಂಡಿಹಟ್ಟಿ ಕಡೆ ಕಡಿಮೆ ಬಾಡಿಗೆಗೆ ದೊಡ್ಡ ಮನೆ ಸಿಗುತ್ತದೆ. ಅಲ್ಲಿ ಜೀನ್ಸ್ ಹೊಲಿಗೆ ಮನೆಮನೆಯ ಕೆಲಸ. ಆರ್ಡರು ಇದ್ದಾಗ ಪವರ್ ಮಶಿನ್ನಿನ ಸದ್ದು ಹಗಲೆಲ್ಲ ಇದ್ದು ರಾತ್ರಿಯೂ ಬಹಳ ಹೊತ್ತು ನಡೆಯುತ್ತದೆ. ಗೋಡೆಯಾಚೆ ಎಂಟು ಮಶಿನ್ನಿದ್ದರೆ ರಾತ್ರಿ ಪಾಳಿ ಮುಗಿಸಿ ಬಂದವರು ಹಗಲು ಮಲಗುವುದು ಕಷ್ಟ. ಹಗಲು ಕೆಲಸದವರಿಗೆ ಅದು ಅಷ್ಟು ತೊಂದರೆಯಲ್ಲ; ಬೀದಿ ಎಚ್ಚರವಿರುತ್ತದೆ, ಕಳ್ಳರ ಭಯ ಕಡಿಮೆ.

ಸಿರುಗುಪ್ಪ ರಸ್ತೆಯ ಹವಂಭಾವಿ, ಮೋಕಾ ರಸ್ತೆ, ಸಂಗನಕಲ್ಲು ರಸ್ತೆಯ ತುದಿಗಳಲ್ಲಿ ಹೊಸ ಲೇಔಟುಗಳು ಬೆಳೆಯುತ್ತಿವೆ. ಫೋಟೋದಲ್ಲಿ ಚೆಂದ ಕಾಣುವ ಮನೆಗಳು ಇಲ್ಲಿಯವೇ. ಸಂಗನಕಲ್ಲಿನ ಹತ್ತಿರ ನವಶಿಲಾಯುಗದ ಜನರೂ ಮನೆ ಮಾಡಿದ್ದರು, ಆದರೆ ಅವರು ಮಾಡಿದ್ದು ಗುಡ್ಡದ ಮೇಲೆ. ಈಗಿನ ಲೇಔಟು ಎರೆಮಣ್ಣಿನ ಹೊಲದಲ್ಲಿ. ಎರೆ ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ. ಅಡಿಪಾಯ ಗಟ್ಟಿ ಪದರಕ್ಕೆ ಇಳಿಯದ ಮನೆಯಲ್ಲಿ ಕಿಟಕಿ ಬಾಗಿಲುಗಳ ಮೂಲೆಯಿಂದ ಓರೆಯಾಗಿ ಬಿರುಕು ಏಳುತ್ತದೆ, ಮಳೆಗಾಲದಲ್ಲಿ ಬಾಗಿಲು ಚೌಕಟ್ಟಿಗೆ ಕಚ್ಚುತ್ತದೆ, ಕಾಂಪೌಂಡು ಗೋಡೆ ವಾಲುತ್ತದೆ. ಬಾಡಿಗೆಯವರಿಗೆ ಬಿರುಕಿನಿಂದ ಅಪಾಯಕ್ಕಿಂತ ಇರುವೆ, ಹಲ್ಲಿ, ಮಳೆ ನೀರಿನ ಕಾಟ ಹೆಚ್ಚು. ಅದಕ್ಕಿಂತ ದೊಡ್ಡ ಪ್ರಶ್ನೆ ಲೇಔಟು ಪಾಲಿಕೆಗೆ ಹಸ್ತಾಂತರ ಆಗಿದೆಯೋ ಇಲ್ಲವೋ ಎಂಬುದು. ಆಗಿರದಿದ್ದರೆ ಬೀದಿದೀಪ, ಚರಂಡಿ, ನಳದ ನೀರು ಮೂರೂ ಕೇಳುವಂತಿಲ್ಲ. ಮುಖ್ಯರಸ್ತೆಯಿಂದ ಮನೆಗೆ ಡಾಂಬರು ಎಲ್ಲಿಯವರೆಗಿದೆ ನೋಡಿ. ಕೊನೆಯ ಇನ್ನೂರು ಮೀಟರು ಎರೆ ಹಾದಿಯಾಗಿದ್ದರೆ ಆಗಸ್ಟ್‌ನಲ್ಲಿ ಬೈಕಿನ ಮಡ್‌ಗಾರ್ಡಿಗೂ ಟೈರಿಗೂ ನಡುವೆ ಮಣ್ಣು ಕಟ್ಟಿ ಗಾಲಿ ತಿರುಗುವುದೇ ನಿಲ್ಲುತ್ತದೆ. ಅದನ್ನು ಕಡ್ಡಿ ಹಿಡಿದು ಕೆರೆಯಬೇಕು.

ಈಗ ನೀರು. ಇಲ್ಲಿ ಆತುರ ಮಾಡಬಾರದು.

ಬಳ್ಳಾರಿಗೆ ಬರುವುದು ತುಂಗಭದ್ರೆಯ ನೀರು. ಅದನ್ನು ಕಾಲುವೆಯಿಂದ ಅಲ್ಲೀಪುರ, ಮೋಕಾ ಕೆರೆಗಳಿಗೆ ತುಂಬಿಸಿಟ್ಟು ಊರಿಗೆ ಬಿಡುತ್ತಾರೆ. ಬೇಸಿಗೆಯಲ್ಲಿ ಕಾಲುವೆ ನಿಂತ ಮೇಲೆ ಕೆರೆಯಲ್ಲಿರುವುದನ್ನೇ ಮಳೆಗಾಲದವರೆಗೆ ಎಳೆಯಬೇಕಾದ್ದರಿಂದ ನೀರು ಬಿಡುವ ಅಂತರ ಹಿಗ್ಗುತ್ತದೆ. ಒಂದು ಬೀದಿಗೆ ವಾರಕ್ಕೊಮ್ಮೆ ಬರುವುದು ಪಕ್ಕದ ಬೀದಿಗೆ ಹತ್ತು ದಿನಕ್ಕೊಮ್ಮೆ ಇರಬಹುದು, ಯಾಕೆಂದರೆ ವಾಲ್ವು ಬೇರೆ. ಆದ್ದರಿಂದ "ಈ ಏರಿಯಾದಲ್ಲಿ ನೀರಿನ ತೊಂದರೆ ಇಲ್ಲ" ಎಂಬ ಮಾಲೀಕರ ಮಾತಿಗೆ ಬೆಲೆಯಿಲ್ಲ. ಅದೇ ಸಾಲಿನ ಮೂರನೇ ಮನೆಯ ಕಟ್ಟೆಯ ಮೇಲೆ ಕೂತವರನ್ನು ಕೇಳಬೇಕು: "ಅಕ್ಕಾ, ನಳ ಯಾವತ್ತು ಬಂದಿತ್ತು? ಅದಕ್ಕ ಮುಂಚೆ ಯಾವತ್ತು?" ಎರಡು ದಿನಾಂಕ ಸಿಕ್ಕರೆ ಅಂತರ ತಾನೇ ಗೊತ್ತಾಗುತ್ತದೆ. "ಎಷ್ಟು ದಿನಕ್ಕೊಮ್ಮೆ ಬರ್ತದ?" ಅಂತ ಕೇಳಿದರೆ ಮಾತ್ರ ಎಲ್ಲರೂ "ವಾರಕ್ಕೊಮ್ಮೆ" ಅನ್ನುತ್ತಾರೆ. ಎಷ್ಟು ತಾಸು ಬಿಡುತ್ತಾರೆ, ಹಗಲೋ ರಾತ್ರಿಯೋ ಎಂದೂ ಕೇಳಿ. ರಾತ್ರಿ ಎರಡಕ್ಕೆ ಬಿಡುವ ಬೀದಿಯಲ್ಲಿ ಮೋಟರು ಹಾಕುವವರು ಯಾರು ಎಂಬುದು ಒಂಟಿಯಾಗಿ ಇರುವವರಿಗೆ ಸಣ್ಣ ಪ್ರಶ್ನೆಯಲ್ಲ.

ನಂತರ ನಳದ ಗುಂಡಿ ನೋಡಬೇಕು. ಒತ್ತಡ ಕಡಿಮೆ ಇರುವ ಬೀದಿಗಳಲ್ಲಿ ನೀರು ಏರಲಿ ಎಂದು ನಳವನ್ನು ನೆಲಮಟ್ಟದಿಂದ ಕೆಳಗೆ ಇಳಿಸಿರುತ್ತಾರೆ. ಮನೆ ಮುಂದೆ ಬಂಡೆ ಮುಚ್ಚಿದ ಗುಂಡಿ ಕಂಡರೆ ಅದೇ. ಬಂಡೆ ಸರಿಸಿ ನೋಡಿ. ಒಂದು ಅಡಿ ಆಳವಿದ್ದರೆ ಪರವಾಗಿಲ್ಲ, ಮೂರಡಿ ಇಳಿಸಿದ್ದರೆ ಪೈಪಿನ ತುದಿಯಲ್ಲಿರುವ ಮನೆ ಎಂದು ಲೆಕ್ಕ. ಗುಂಡಿಯಲ್ಲಿ ನಿಂತ ನೀರಿದ್ದು ಪಕ್ಕದಲ್ಲೇ ಚರಂಡಿ ಹರಿಯುತ್ತಿದ್ದರೆ ಆ ಮನೆ ಬಿಡುವುದೇ ವಾಸಿ. ವಾಲ್ವು ಮುಚ್ಚಿದಾಗ ಪೈಪು ಖಾಲಿಯಾಗುತ್ತದೆ, ಅಕ್ಕಪಕ್ಕದವರು ಪೈಪಿಗೇ ಮೋಟರು ಹಚ್ಚಿದ್ದರೆ ಅದು ಒಳಕ್ಕೆ ಎಳೆಯುತ್ತದೆ, ಸುತ್ತಲಿನ ಕೊಳಕು ಸೋರುವ ಜಾಯಿಂಟಿನಿಂದ ಒಳಸೇರುತ್ತದೆ. 2022ರಲ್ಲಿ ಪಕ್ಕದ ರಾಯಚೂರಿನಲ್ಲಿ ಕಲುಷಿತ ನೀರು ಕುಡಿದು ಜನ ಸತ್ತದ್ದನ್ನು ಈ ಭಾಗದವರು ಮರೆತಿಲ್ಲ. ಎಷ್ಟೇ ಒಳ್ಳೆಯ ಬೀದಿಯಾದರೂ ನಳ ಬಂದ ಮೊದಲ ಹತ್ತು ನಿಮಿಷದ ನೀರನ್ನು ಹೊರಗೆ ಬಿಟ್ಟು ಆಮೇಲೆ ಸಂಪಿಗೆ ಹಾಯಿಸುವುದು ರೂಢಿ. ಕುಡಿಯಲು ಶುದ್ಧ ನೀರಿನ ಘಟಕದ 20 ಲೀಟರ್ ಕ್ಯಾನು. ಆ ಘಟಕ ಎಷ್ಟು ದೂರ, ಕ್ಯಾನು ಹೊತ್ತು ಎಷ್ಟು ಮೆಟ್ಟಿಲು ಹತ್ತಬೇಕು ಎಂದೂ ನೋಡಿಕೊಳ್ಳಿ.

ಸಂಪಿನ ಅಳತೆಯನ್ನು ಟೇಪು ಹಿಡಿದೇ ತೆಗೆಯಬೇಕು. ಉದ್ದ, ಅಗಲ, ಆಳ ಅಡಿಯಲ್ಲಿ ಗುಣಿಸಿ 28.3ರಿಂದ ಗುಣಿಸಿದರೆ ಲೀಟರು ಬರುತ್ತದೆ. ಎಂಟು ಅಡಿ ಉದ್ದ, ಐದು ಅಡಿ ಅಗಲ, ಆರು ಅಡಿ ಆಳದ ಸಂಪು ಲೆಕ್ಕಕ್ಕೆ ಸುಮಾರು 6,800 ಲೀಟರು. ಆದರೆ ಮೇಲೆ ಅರ್ಧ ಅಡಿ ತುಂಬುವುದಿಲ್ಲ, ಕೆಳಗಿನ ಅರ್ಧ ಅಡಿ ರಾಡಿ. ಕೈಗೆ ಸಿಗುವುದು 5,600 ಚಿಲ್ಲರೆ. ಮೂರು ಪೋರ್ಷನ್ ಸೇರಿ ಹತ್ತು ಜನರಿದ್ದು ತಲೆಗೆ ದಿನಕ್ಕೆ ನೂರೇ ಲೀಟರು ಹಿಡಿದರೂ ಅದು ಆರು ದಿನ ಪೂರ್ತಿ ಬರುವುದಿಲ್ಲ. ನಳ ಎಂಟು ದಿನಕ್ಕೊಮ್ಮೆ ಅಂದರೆ ಪ್ರತಿ ಸಲ ಎರಡು ದಿನ ಟ್ಯಾಂಕರು. ಟ್ಯಾಂಕರಿನ ದುಡ್ಡು ಯಾರದು, ಪೋರ್ಷನ್ ಲೆಕ್ಕವೋ ತಲೆ ಲೆಕ್ಕವೋ ಎಂದು ಅಡ್ವಾನ್ಸ್ ಕೊಡುವ ಮುಂಚೆಯೇ ಮಾತಾಡಿಕೊಳ್ಳಬೇಕು. ಒಬ್ಬರೇ ಇರುವವರು ತಲೆ ಲೆಕ್ಕ ಕೇಳಬೇಕು. ಮಾಲೀಕರು ಒಪ್ಪದಿದ್ದರೆ ಬಾಡಿಗೆಯಲ್ಲಿ ಇಳಿಸಿಕೊಳ್ಳಬೇಕು. ಬೋರು ಇದೆ ಅಂದರೆ ನಲ್ಲಿಯ ಬಾಯಿ, ಷವರಿನ ತೂತು, ಬಚ್ಚಲ ಟೈಲ್ಸು ನೋಡಿ. ಬೆಳ್ಳಗೆ ಸುಣ್ಣ ಕಟ್ಟಿದ್ದರೆ ಗಡಸು ನೀರು, ಜನರ ಮಾತಿನಲ್ಲಿ ಉಪ್ಪು ನೀರು. ಗೀಸರಿನ ಕಾಯಿಲು ಸುಡುವುದು, ಬಟ್ಟೆ ಬೂದಿಬಣ್ಣಕ್ಕೆ ತಿರುಗುವುದು ಇದರಿಂದಲೇ. ಅಂಥ ಮನೆಯಲ್ಲಿ ನಳದ ನೀರಿಗೂ ಬೋರಿನ ನೀರಿಗೂ ಬೇರೆ ಬೇರೆ ಟ್ಯಾಂಕಿದೆಯೋ, ಎರಡನ್ನೂ ಒಂದೇ ಸಂಪಿಗೆ ಬೆರೆಸುತ್ತಾರೋ ಎಂದು ಕೇಳಲೇಬೇಕು.

ಬಿಸಿಲಿನ ಲೆಕ್ಕವೂ ಕೊನೆಗೆ ನೀರಿಗೇ ಬಂದು ನಿಲ್ಲುತ್ತದೆ. ಏಪ್ರಿಲ್ ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದು ಸಾಮಾನ್ಯ. ಮನೆ ನೋಡುವುದು ಬೆಳಿಗ್ಗೆ ಅಲ್ಲ, ಸಂಜೆ ನಾಲ್ಕಕ್ಕೆ ಒಮ್ಮೆ, ರಾತ್ರಿ ಎಂಟಕ್ಕೆ ಇನ್ನೊಮ್ಮೆ. ಮಲಗುವ ಕೋಣೆಯ ಪಡುವಣ ಗೋಡೆಗೆ ಎಂಟು ಗಂಟೆಗೆ ಅಂಗೈ ಇಟ್ಟು ನೋಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ನಡುರಾತ್ರಿಯವರೆಗೂ ಅದು ಕೋಣೆಯೊಳಕ್ಕೇ ಕಕ್ಕುತ್ತದೆ. ಮೇಲೆ ಇನ್ನೊಂದು ಮಹಡಿ ಇಲ್ಲದ ಆರ್‌ಸಿಸಿ ಚಾವಣಿಯೂ ಹಾಗೆಯೇ. ಕೋಟೆ ಗುಡ್ಡ, ಕುಂಬಾರ ಗುಡ್ಡಗಳ ಬುಡದ ಮನೆಗಳಲ್ಲಿ ನೋಟ ಚೆಂದ, ಆದರೆ ಹಗಲೆಲ್ಲ ಕಾದ ಬಂಡೆ ರಾತ್ರಿ ಆ ಕಾವನ್ನು ಬಿಡುತ್ತದೆ. ನಡುವಿನ ಮಹಡಿ, ಎರಡು ದಿಕ್ಕಿಗೆ ಕಿಟಕಿ, ಪಡುವಣಕ್ಕೆ ಬಚ್ಚಲೋ ಮೆಟ್ಟಿಲೋ ಇರುವ ಮನೆ ಸಿಕ್ಕರೆ ಸಾವಿರ ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಟೆರೇಸಿಗೆ ಬಿಳಿ ಸುಣ್ಣ ಹೊಡೆಸಲು ಹೆಚ್ಚಿನ ಮಾಲೀಕರು ಅಡ್ಡಿ ಮಾಡುವುದಿಲ್ಲ, ಖರ್ಚು ನಮ್ಮದಾದರೆ.

ಇಲ್ಲಿನ ಸೆಕೆ ಒಣ ಸೆಕೆ, ಹಾಗಾಗಿ ಏರ್ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ. ಅದನ್ನು ಕಿಟಕಿಗೆ ಹೊರಗಿನಿಂದ ಕೂರಿಸಿ ಎದುರು ಕಿಟಕಿ ತೆರೆದಿಡಬೇಕು. ಮುಚ್ಚಿದ ಕೋಣೆಯೊಳಗೆ ಇಟ್ಟರೆ ಅರ್ಧ ತಾಸಿನಲ್ಲಿ ಮೈ ಅಂಟುತ್ತದೆ. ಮಳೆಗಾಳಿ ಶುರುವಾದರೆ ಅದರ ಆಟ ಮುಗಿಯಿತು. ದೊಡ್ಡ ಕೂಲರು ದಿನಕ್ಕೆ 40–50 ಲೀಟರು ನೀರು ಕುಡಿಯುತ್ತದೆ. ನಳದ ಅಂತರ ಹತ್ತು ದಿನವಾದರೆ ಸಾವಿರ ಲೀಟರಿನ ಟ್ಯಾಂಕಿನ ಅರ್ಧ ಕೂಲರಿಗೇ ಹೋಯಿತು. ಉಪ್ಪು ನೀರು ಹಾಕಿದರೆ ಪ್ಯಾಡು ಒಂದು ಬೇಸಿಗೆಗೇ ಗಟ್ಟಿಯಾಗುತ್ತದೆ.

ಎ.ಸಿ. ಬೇಕೆನ್ನುವವರು ಕರೆಂಟಿನ ಲೆಕ್ಕ ಹಾಕಬೇಕು. ಕೂಲರು 180 ವ್ಯಾಟಿನದಾದರೆ ಹನ್ನೆರಡು ತಾಸಿಗೆ ಎರಡು ಯೂನಿಟ್ ಚಿಲ್ಲರೆ, ತಿಂಗಳಿಗೆ 65. ಒಂದೂವರೆ ಟನ್ನಿನ ಎ.ಸಿ. ರಾತ್ರಿ ಎಂಟು ತಾಸು ಓಡಿದರೆ ಎಂಟು ಯೂನಿಟ್ ಆಸುಪಾಸು, ತಿಂಗಳಿಗೆ 240. ಗೃಹಜ್ಯೋತಿಯಲ್ಲಿ 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ಲು ಕಟ್ಟಬೇಕು. 200ರ ಒಳಗಿದ್ದರೂ ಆ ಮೀಟರಿಗೆ ನಿಗದಿಯಾದ ಮಿತಿಗಿಂತ ಹೆಚ್ಚು ಸುಟ್ಟದ್ದಕ್ಕೆ ದುಡ್ಡು. ಆ ಮಿತಿ ಮನೆಯ ಹಿಂದಿನ ಬಳಕೆಯ ಸರಾಸರಿ ನೋಡಿ ಹಾಕಿದ್ದು, ಹಾಗಾಗಿ ಹಳೇ ಬಿಲ್ಲು ಕೇಳಿ ತೆಗೆದುಕೊಂಡು ನೋಡಿ. ಬಾಡಿಗೆದಾರರಿಗೂ ಯೋಜನೆ ಇದೆ, ಆದರೆ ಜೆಸ್ಕಾಂ (ಇಲ್ಲಿನ ವಿದ್ಯುತ್ ಕಂಪನಿ) ಮೀಟರಿನ ಆರ್‌ಆರ್ ನಂಬರಿಗೆ, ಅಂದರೆ ಬಿಲ್ಲಿನಲ್ಲಿರುವ ಸಂಪರ್ಕದ ನಂಬರಿಗೆ, ನಮ್ಮ ಆಧಾರ್ ಜೋಡಿಸಬೇಕು. ಹಳೇ ಬಾಡಿಗೆದಾರರು ತಮ್ಮ ಆಧಾರ್ ಬಿಡಿಸಿಕೊಳ್ಳದೆ ಹೋಗಿದ್ದರೆ ನಮ್ಮದು ಸೇರುವುದಿಲ್ಲ. ಕೀಲಿ ಕೈಗೆ ಬರುವ ಮುಂಚೆಯೇ ಮಾಲೀಕರಿಂದ ಆ ಕೆಲಸ ಮಾಡಿಸಿಕೊಳ್ಳಿ. ಮೂರು ಪೋರ್ಷನ್ನಿಗೆ ಒಂದೇ ಆರ್‌ಆರ್ ನಂಬರಿದ್ದು ಒಳಗೆ ಸಬ್ ಮೀಟರು ಹಾಕಿದ್ದರೆ ಈ ಲಾಭ ಮರೆತುಬಿಡಬೇಕು. ಎಲ್ಲರದೂ ಸೇರಿ 200 ದಾಟುವುದು ಖಂಡಿತ.

ಮಾಲೀಕರೊಡನೆ ಮಾತಿಗೆ ಕೂರುವಾಗ ಮೊದಲ ಪ್ರಶ್ನೆ ಸಂಬಳದ್ದಲ್ಲ. "ನೀವು ಯಾವ ಮಂದಿ?" "ಮಾಂಸ ಗೀಂಸ ತಿಂತೀರೇನು?" ಇದು ಕೇಳಬಾರದ ಪ್ರಶ್ನೆ, ಆದರೂ ಕೇಳುತ್ತಾರೆ. ಮುಚ್ಚಿಟ್ಟು ಮನೆ ಹಿಡಿದರೆ ಎರಡನೇ ತಿಂಗಳಲ್ಲಿ ಬಿಡಿಸುತ್ತಾರೆ, ಸಾಮಾನು ಹೊರುವ ಖರ್ಚು ನಮ್ಮದು. ಫೋನಿನಲ್ಲೇ ನೇರವಾಗಿ ಹೇಳಿ ಮುಗಿಸಿದರೆ ಬಿಸಿಲಿನಲ್ಲಿ ಅಲೆಯುವುದಾದರೂ ತಪ್ಪುತ್ತದೆ. ಹೆಣ್ಣುಮಕ್ಕಳು ಗೇಟಿನ ಕೀಲಿ ತಮ್ಮ ಕೈಗೂ ಒಂದು ಬೇಕೆಂದು ಮೊದಲೇ ಕೇಳಬೇಕು. ರಾತ್ರಿ ಡ್ಯೂಟಿ ಇರುವುದನ್ನು ಆಗಲೇ ಹೇಳಿದರೆ ಒಪ್ಪುವವರು ಒಪ್ಪುತ್ತಾರೆ, ಒಪ್ಪದವರ ಮನೆ ನಮಗೆ ಬೇಡ.

ಹುಡುಕುವ ಕಾಲವೂ ಮುಖ್ಯ. ಮೇ ಕೊನೆ, ಜೂನ್ ಅಂದರೆ ವರ್ಗಾವಣೆ, ಶಾಲೆ ಕಾಲೇಜು ಎಲ್ಲ ಒಟ್ಟಿಗೆ. ಟು-ಲೆಟ್ ಬೋರ್ಡು ಬೆಳಿಗ್ಗೆ ಹಾಕಿದರೆ ಸಂಜೆಗೆ ಇರುವುದಿಲ್ಲ. ಆಷಾಢದಲ್ಲಿ ಮನೆ ಬದಲಿಸುವವರು ಕಡಿಮೆ. ಖಾಲಿ ಬಿದ್ದ ಮನೆಯ ಮಾಲೀಕರು ಆ ತಿಂಗಳು ಬಾಡಿಗೆಗೂ ಅಡ್ವಾನ್ಸಿಗೂ ಬಗ್ಗುತ್ತಾರೆ. ಶಾಸ್ತ್ರ ನೋಡುವವರು ಆಷಾಢದಲ್ಲಿ ಮಾತು ಮುಗಿಸಿ ಶ್ರಾವಣದಲ್ಲಿ ಹಾಲು ಉಕ್ಕಿಸಿದರಾಯಿತು.

ಕರಾರು ಹನ್ನೊಂದು ತಿಂಗಳಿಗೆ ಬರೆಸುವುದು ರೂಢಿ, ಒಂದು ವರ್ಷ ಮೀರಿದ್ದಕ್ಕೆ ನೋಂದಣಿ ಕಡ್ಡಾಯವಾದ್ದರಿಂದ. ಇ-ಸ್ಟಾಂಪ್ ಕಾಗದದ ಸಿದ್ಧ ನಮೂನೆಯಲ್ಲಿ ಇಲ್ಲದ ನಾಲ್ಕು ಸಾಲುಗಳನ್ನು ಸೇರಿಸಿ ಬರೆಸಬೇಕು: ಟ್ಯಾಂಕರು ಖರ್ಚಿನ ಪಾಲು, ಬಿಡುವಾಗ ಬಣ್ಣಕ್ಕೆ ಹಿಡಿಯುವ ಮೊತ್ತ, ಅಡ್ವಾನ್ಸ್ ವಾಪಸು ಕೊಡುವ ದಿನ, ಮೋಟರು ಕೆಟ್ಟರೆ ರಿಪೇರಿ ಯಾರದು. ಬಾಡಿಗೆ ಬದಲು "ಲೀಸಿಗೆ ಕೊಡ್ತೀವಿ, ಒಂದೇ ಸಲ ಲಕ್ಷಗಟ್ಟಲೆ ಕೊಡಿ, ತಿಂಗಳ ಬಾಡಿಗೆ ಬೇಡ" ಅಂದರೆ ಹೊಸ ನೌಕರರು ದೂರ ಇರುವುದೇ ಸರಿ. ಆಸೆಯಾದರೆ ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲಿ ಋಣಭಾರ ಪತ್ರ ತೆಗೆಸಿ, ಬ್ಯಾಂಕಿನ ಸಾಲವಿದೆಯೋ ನೋಡಿ, ಕಂದಾಯ ರಸೀದಿಯಲ್ಲಿ ಯಾರ ಹೆಸರಿದೆ ನೋಡಿ, ಭೋಗ್ಯಪತ್ರ ನೋಂದಣಿಯಾದ ಮೇಲಷ್ಟೇ ದುಡ್ಡು ಕೊಡಬೇಕು. ಬರೀ ಬಾಂಡ್ ಪೇಪರಿನ ಮೇಲೆ ಕೊಟ್ಟ ದುಡ್ಡು ಮನೆ ಹರಾಜಿಗೆ ಬಂದ ದಿನ ಕೈಬಿಟ್ಟಂತೆ.

ಸಾಮಾನು ತರುವ ದಿನ ಮೀಟರಿನ ರೀಡಿಂಗು, ಗೋಡೆಯ ಬಿರುಕು, ಒಡೆದ ಟೈಲ್ಸು ಎಲ್ಲದರ ಫೋಟೋ ತೆಗೆದು ಅಲ್ಲೇ ಮಾಲೀಕರ ವಾಟ್ಸಾಪ್‌ಗೆ ಹಾಕಿ. ಕರಾರಿನ ಒಂದು ಪ್ರತಿಯನ್ನು ಗ್ಯಾಸ್ ಏಜೆನ್ಸಿಗೆ ಕೊಟ್ಟರೆ ವಿಳಾಸ ಬದಲಾಗುತ್ತದೆ. ಅದು ಆಗುವವರೆಗೆ ಎರಡು ಹೊತ್ತಿನ ಊಟಕ್ಕೆ ರೊಟ್ಟಿ ಖಾನಾವಳಿ, ಸಂಜೆಗೆ ಮಂಡಕ್ಕಿ ಒಗ್ಗರಣೆ ಮಿರ್ಚಿ ಯಾವ ಬೀದಿಯಲ್ಲಾದರೂ ಸಿಗುತ್ತದೆ.